ಫೈಲಿನೊಳಗಿನ ಕೆಲಸ

ನವದಾರಿ ಕೌಶಲ್ಯ ತರಬೇತಿ ಕೇಂದ್ರ
ಕೊಡಿಯಾಲ್‌ಬೈಲ್, ಮಂಗಳೂರು
10 ಜೂನ್ 2024

ಶ್ರೀ ಮೋಹನದಾಸ್ ಅವರಿಗೆ,

ನಮ್ಮ ಕೇಂದ್ರದ ರೋಗಿ ಪರಿಚಾರಕ ತರಬೇತಿಯನ್ನು ಯಶಸ್ವಿಯಾಗಿ ಮುಗಿಸಿ, ಬೆಂಗ್ರೆಯ ‘ತಂಗಾಳಿ ಹಿರಿಯರ ಮನೆ’ಯಲ್ಲಿ ನೀವು ಸಹಾಯಕರಾಗಿ ಕೆಲಸಕ್ಕೆ ಸೇರಿ ಇಂದಿಗೆ ಮೂರು ತಿಂಗಳು. ಅಭಿನಂದನೆಗಳು. ದೂರವಾಣಿಯಲ್ಲಿ ಮೂರು ಬಾರಿ ಯತ್ನಿಸಿದರೂ ನೀವು ಸಿಗದ ಕಾರಣ ಈ ಪತ್ರ. ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ ಕಳಿಸಬೇಕಾಗಿ ಕೋರಿಕೆ.

1. ಈಗಲೂ ಅದೇ ಕೆಲಸದಲ್ಲಿದ್ದೀರಾ?
2. ಸಂಬಳ ಕ್ರಮವಾಗಿ ಬರುತ್ತಿದೆಯೇ?
3. ತರಬೇತಿಯಲ್ಲಿ ಕಲಿತದ್ದು ಉಪಯೋಗಕ್ಕೆ ಬರುತ್ತಿದೆಯೇ?
4. ಈ ತರಬೇತಿಯನ್ನು ಇತರರಿಗೆ ಶಿಫಾರಸು ಮಾಡುವಿರಾ?

ನಿಮ್ಮ ವಿಶ್ವಾಸಿ,
ರೇಚಲ್ ಮಸ್ಕರೇನ್ಹಸ್
ಉದ್ಯೋಗ ಸಂಯೋಜಕಿ

*

ಉರ್ವ
15 ಜೂನ್ 2024

ರೇಚಲ್ ಮೇಡಂ,

ಫೋನಿನಲ್ಲಿ ನಾನು ಸಿಗುವವನಲ್ಲ. ಇಪ್ಪತ್ತಾರು ವರ್ಷ ಪ್ರೆಸ್ಸಿನ ಬೈಂಡಿಂಗ್ ವಿಭಾಗದಲ್ಲಿ ಕಟಿಂಗ್ ಮೆಶಿನಿನ ಪಕ್ಕ ನಿಂತು ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿ ಅರ್ಧ. ಎದುರು ನಿಂತವರ ಮಾತು ಕೇಳುತ್ತದೆ, ಫೋನಿನಲ್ಲಿ ಬರೀ ಗುಂಯ್ ಎನ್ನುತ್ತದೆ. ಮೊಬೈಲಿನಲ್ಲಿ ಕನ್ನಡ ಒತ್ತಲು ಹೋದರೆ ನನ್ನ ಒಂದು ಬೆರಳು ಮೂರು ಅಕ್ಷರದ ಮೇಲೆ ಕೂರುತ್ತದೆ. ಹಾಗಾಗಿ ಕಾಗದ.

ಉತ್ತರ ಬರೆಯಲು ಕುಳಿತೆ. ಮೊದಲನೇ ಪ್ರಶ್ನೆಗೇ ಪೆನ್ನು ನಿಂತಿತು. ‘ಅದೇ ಕೆಲಸದಲ್ಲಿದ್ದೀರಾ?’ ಯಾವ ಕೆಲಸ ಮೇಡಂ?

ಫೆಬ್ರವರಿ ಕೊನೆಗೆ ಕೋರ್ಸು ಮುಗಿದ ದಿನ ನಮಗೆಲ್ಲ ಒಂದೊಂದು ನೇಮಕಾತಿ ಪತ್ರ ಕೊಟ್ಟು, ನಕಲಿನ ಮೇಲೆ ಸಹಿ ಹಾಕಿಸಿಕೊಂಡಿರಿ. ಉಳಿದವರು ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು, ಫೋಟೋ ತೆಗೆಸಿಕೊಂಡು, ಬಸ್ಸು ಹತ್ತಿದರು. ನಾನು ಓದಿದೆ. ಮಾರ್ಚ್ 11ರಂದು ಬೆಳಿಗ್ಗೆ ಎಂಟೂವರೆಗೆ ಹಾಜರಾಗಬೇಕು ಎಂದಿತ್ತು. ಲೆಟರ್‌ಹೆಡ್ ಓರೆಯಾಗಿತ್ತು, ಜೆರಾಕ್ಸಿನಿಂದ ಜೆರಾಕ್ಸ್ ತೆಗೆದದ್ದೆಂದು ನೋಡಿದ ಕೂಡಲೇ ಗೊತ್ತಾಯಿತು. ಜೀವಮಾನವಿಡೀ ಲೆಟರ್‌ಹೆಡ್ ಕತ್ತರಿಸಿದವನಿಗೆ ಅಷ್ಟು ಗೊತ್ತಾಗದೆ ಇರುತ್ತದೆಯೇ? ಆದರೂ ನಂಬಿದೆ. ಪ್ರೆಸ್ಸು ಮುಚ್ಚಿ ಹದಿನಾಲ್ಕು ತಿಂಗಳಾಗಿತ್ತು, ನಂಬದೆ ಏನು ಮಾಡುವುದು?

ನನ್ನ ಹೆಂಡತಿ ಕುಶಲಾ ಉರ್ವ ಮಾರ್ಕೆಟಿನ ಹತ್ತಿರ ಒಂದು ಅಂಗಡಿಯಲ್ಲಿ ಪ್ಯಾಕಿಂಗ್ ಮಾಡುತ್ತಾಳೆ. ಅವಳು ಆ ದಿನ ಅರ್ಧ ದಿನ ರಜೆ ಹಾಕಿ, ನೀವು ಕೊಟ್ಟ ಬಿಳಿ ಅಂಗಿಗೆ ಇಸ್ತ್ರಿ ಹಾಕಿ, ಬುತ್ತಿ ಕಟ್ಟಿ, ಓಣಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ನನ್ನನ್ನು ಕಳಿಸಿದಳು. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಬಸ್ಸು, ಅಲ್ಲಿಂದ ಬಂದರಿಗೆ ನಡಿಗೆ, ಬಂದರಿನಿಂದ ದೋಣಿ. ಎಂಟು ಗಂಟೆಗೇ ಬೆಂಗ್ರೆಯಲ್ಲಿದ್ದೆ.

ತಂಗಾಳಿ ಎಂದರೆ ನಾಲ್ಕು ಕೋಣೆಯ ಮನೆ. ಅದನ್ನು ನಡೆಸುವ ರುಖಿಯಾ ಎಂಬವರು ನನ್ನ ಪತ್ರ ಓದಿ, ಮೇಜಿನ ಡ್ರಾಯರ್ ಎಳೆದು ತೋರಿಸಿದರು. ಅದರೊಳಗೆ ಅಂಥದ್ದೇ ಪತ್ರಗಳ ಒಂದು ಕಟ್ಟು.

“ಇದು ಫೈಲಿಗೆ ಮಾಡಿದ್ದು ಮಾರಾಯ್ರೆ. ನಮ್ಮ ಧಣಿಗಳು ನಲ್ವತ್ತೊಂದು ಕೊಟ್ಟಿದ್ದಾರೆ. ಇಲ್ಲಿ ಇರುವುದೇ ಆರು ಜನ ಪ್ರಾಯ ಆದವರು. ನೀವು ನಲ್ವತ್ತೊಂದು ಜನ ಬಂದ್ರೆ ಎಂತ, ಅವರನ್ನು ಹಂಚಿಕೊಳ್ಳುವುದಾ? ಇಷ್ಟರವರೆಗೆ ಯಾರೂ ಬರ್ಲಿಲ್ಲ, ಎಲ್ಲರಿಗೂ ಗೊತ್ತಿರ್ತದೆ. ನೀವು ಎಂತಕ್ಕೆ ಬಂದದ್ದು?”

ಎಂತಕ್ಕೆ ಬಂದದ್ದು ಎಂದರೆ ಏನು ಹೇಳಲಿ? ಕೆಲಸಕ್ಕೆ ಬಂದೆ ಎಂದೆ.

ಅವರು ಪಾಪದವರು, ಒಳ್ಳೆಯ ಹೆಂಗಸು. ಚಾ ಕೊಟ್ಟರು. ನಾನು ಚಾ ಕುಡಿದು ಸುಮ್ಮನೆ ಬರಲಾಗದೆ ನಾಲ್ಕು ಹಾಸಿಗೆಯ ಬೆಡ್‌ಶೀಟ್ ಬದಲಾಯಿಸಿದೆ. ಮರುದಿನ ಪುನಃ ಹೋದೆ. ಹಾಗೆ ಹನ್ನೊಂದು ದಿನ. ಹಾಸಿಗೆಯ ಮೂಲೆ ಮಡಚುವುದು ನನಗೆ ಕೋರ್ಸಿನಲ್ಲೂ ಎಲ್ಲರಿಗಿಂತ ಬೇಗ ಬಂದಿತ್ತು, ಪುಸ್ತಕದ ರಟ್ಟಿಗೆ ಬಟ್ಟೆ ಹೊದೆಸುವಾಗಲೂ ಮೂಲೆಯನ್ನು ಹಾಗೆಯೇ ಮಡಚುವುದು. ಹನ್ನೆರಡನೇ ದಿನ ಧಣಿಗಳು ಬಂದು, ಹೀಗೆ ಬಂದು ಹೋಗುವವರಿಗೆ ಏನಾದರೂ ಆದರೆ ಯಾರು ಜವಾಬ್ದಾರಿ, ನಾಳೆಯಿಂದ ಬೇಡ ಎಂದರು. ಕುಶಲಾಳಿಗೆ ಅಂದೇ ಹೇಳಿದೆ. ಅವಳು ಓಣಿಯವರಿಗೆ ಇನ್ನೂ ಹೇಳಿಲ್ಲ.

ಆದ್ದರಿಂದ ಉತ್ತರ ಹೀಗೆ. ಒಂದು: ಇಲ್ಲ. ಎರಡು: ಇಲ್ಲ. ಮೂರು: ಕೆಲಸ ಸಿಕ್ಕಿದರೆ ಬರಬಹುದು. ನಾಲ್ಕನೆಯದಕ್ಕೆ ಈಗ ಉತ್ತರ ಇಲ್ಲ, ಮತ್ತೆ ಬರೆಯುತ್ತೇನೆ.

ಇಂತು,
ಮೋಹನದಾಸ್

*

ಕೊಡಿಯಾಲ್‌ಬೈಲ್
28 ಜೂನ್ 2024

ಶ್ರೀ ಮೋಹನದಾಸ್ ಅವರಿಗೆ,

ನಿಮ್ಮ ಪತ್ರ ತಲುಪಿದೆ. ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲಾಗುವುದು.

ರೇಚಲ್ ಮಸ್ಕರೇನ್ಹಸ್
ಉದ್ಯೋಗ ಸಂಯೋಜಕಿ

(ಕೆಳಗೆ ಪೆನ್ಸಿಲಿನಲ್ಲಿ:) ಇಂಥದ್ದನ್ನು ದಯವಿಟ್ಟು ಆಫೀಸಿನ ವಿಳಾಸಕ್ಕೆ ಬರೆಯಬೇಡಿ. ಇಲ್ಲಿ ಕಾಗದ ಒಡೆಯುವವಳು ನಾನೊಬ್ಬಳೇ ಅಲ್ಲ. ಮನೆಯ ವಿಳಾಸ ಹಿಂದುಗಡೆ ಬರೆದಿದ್ದೇನೆ.

*

ಉರ್ವ
6 ಜುಲೈ 2024

ರೇಚಲ್ ಮೇಡಂ,

ಸಂಬಂಧಪಟ್ಟವರು ಯಾರೆಂದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ನೀವೊಬ್ಬರೇ.

ಹೋದ ಪತ್ರ ಬರೆಯುವಾಗ ಕೆಲಸ ಇಲ್ಲ ಎಂಬುದಷ್ಟೇ ನನ್ನ ತಕರಾರು. ಈಗ ಅದಕ್ಕಿಂತ ದೊಡ್ಡದು ಬಂದಿದೆ. ನಗರದ ಒಂದು ದೊಡ್ಡ ಆಸ್ಪತ್ರೆಯವರು ವಾರ್ಡ್ ಸಹಾಯಕರನ್ನು ತೆಗೆದುಕೊಳ್ಳುತ್ತಿದ್ದಾರೆ. ಒಂದು ವರ್ಷ ಸಂಬಳ ಕೊಟ್ಟು ಕಲಿಸಿ ಆಮೇಲೆ ಕಾಯಂ ಮಾಡುತ್ತಾರೆ. ರೋಗಿ ಪರಿಚಾರಕ ಕೋರ್ಸು ಆದವರಿಗೆ ಮೊದಲ ಆದ್ಯತೆ. ವಯಸ್ಸು ಐವತ್ತು ಆಗಿರಬಾರದು. ಅರ್ಜಿಗೆ ಆಗಸ್ಟ್ 31 ಕೊನೆಯ ದಿನ. ಸೆಪ್ಟೆಂಬರ್ 19ಕ್ಕೆ ನನಗೆ ಐವತ್ತು. ವರ್ಷಕ್ಕೆ ಒಂದೇ ಸಲ ತೆಗೆದುಕೊಳ್ಳುವುದು, ಅಂದರೆ ನನಗೆ ಇದೇ ಮೊದಲು, ಇದೇ ಕೊನೆ.

ಸರ್ಟಿಫಿಕೇಟ್ ಹಿಡಿದುಕೊಂಡು ಓಡಿದೆ. ಅಲ್ಲಿದ್ದ ಹುಡುಗಿ ನನ್ನ ಆಧಾರ್ ನಂಬರ್ ಒತ್ತಿ, ಕಂಪ್ಯೂಟರನ್ನೂ ನನ್ನನ್ನೂ ನೋಡಿ, “ಅಂಕಲ್, ನಿಮಗೆ ಕೆಲಸ ಉಂಟಲ್ಲ!” ಎಂದಳು. “ಮಾರ್ಚಿನಿಂದ ಬೆಂಗ್ರೆಯಲ್ಲಿ ಕೆಲಸ ಅಂತ ತೋರಿಸ್ತದೆ. ಇದು ಕೆಲಸ ಇಲ್ಲದವರಿಗೆ ಮಾತ್ರ.”

ನನಗೆ ಕೆಲಸ ಇಲ್ಲ ಎಂದು ನಾನು ಹೇಳಿದರೆ ನಡೆಯುವುದಿಲ್ಲವಂತೆ. ನನಗಿಂತ ಕಂಪ್ಯೂಟರಿಗೆ ಹೆಚ್ಚು ಗೊತ್ತು.

ಆ ಹೆಸರನ್ನು ತೆಗೆಸಿಕೊಡಿ ಮೇಡಂ. ಬೇರೆ ಏನೂ ಬೇಡ.

ಈ ಪತ್ರದಲ್ಲಿ ಅಲ್ಲಲ್ಲಿ ಕೆಂಪು ಗುರುತು ಕಂಡರೆ ಗಾಬರಿಯಾಗಬೇಡಿ. ಎರಡು ಮನೆ ಆಚೆ ವಾಲ್ಟರ್ ಲೋಬೊ ಎಂಬವರು ಇದ್ದಾರೆ, ನಮ್ಮ ಪ್ರೆಸ್ಸಿನಲ್ಲೇ ಪ್ರೂಫ್ ತಿದ್ದುತ್ತಿದ್ದವರು, ನಮಗೆಲ್ಲ ಮಾಸ್ಟ್ರು. ಎಂಬತ್ತೊಂದು ವರ್ಷ. ಬಚ್ಚಲಲ್ಲಿ ಜಾರಿ ಸೊಂಟ ಮುರಿದು ಮಲಗಿದ್ದಾರೆ. ಸಂಜೆ ಹೋಗಿ ಅವರನ್ನು ಎತ್ತಿ ಕೂರಿಸುತ್ತೇನೆ. ಬರೆದದ್ದನ್ನು ತೋರಿಸದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ. “ಪುತಾ, ಅರ್ಜಿಯಲ್ಲಿ ತಪ್ಪಿದ್ರೆ ಕೆಲಸ ಕೊಡ್ತಾರಾ?” ಎಂದು ಮಗನಿಗೆ ಗದರಿದ ಹಾಗೆ ನನಗೇ ಗದರುತ್ತಾರೆ.

ದಾರಿ ನೋಡುತ್ತಾ,
ಮೋಹನದಾಸ್

*

ಕೊಡಿಯಾಲ್‌ಬೈಲ್
21 ಜುಲೈ 2024

ಮೋಹನದಾಸ್ ಅವರೇ,

ಭಾನುವಾರ. ಚರ್ಚಿನಲ್ಲಿ ಪೂಜೆಗೆ ಹೋಗಿ ಬಂದು, ಮಗ ಶೆರ್ವಿನ್ ಟ್ಯೂಷನ್ನಿಗೆ ಹೋದ ಮೇಲೆ ಬರೆಯುತ್ತಿದ್ದೇನೆ. ಎರಡು ವಾರ ತಡವಾಯಿತು. ತಡವಾದದ್ದಕ್ಕೆ ಕಾರಣ ಕೆಲಸವಲ್ಲ, ಸಂಕೋಚ.

ವಿಷಯ ನೇರವಾಗಿ ಹೇಳಿಬಿಡುತ್ತೇನೆ. ನೂರರಲ್ಲಿ ಎಪ್ಪತ್ತು ಜನರಿಗೆ ಕೆಲಸ ಕೊಡಿಸಿದ್ದೇವೆಂದು ತೋರಿಸಿದರೆ ಮಾತ್ರ ಕೇಂದ್ರಕ್ಕೆ ಸರಕಾರದ ಹಣದ ಕೊನೆಯ ಕಂತು ಬರುತ್ತದೆ. ಕೊನೆಯ ಕಂತು ಬಂದರೆ ಎಂಟು ಜನರಿಗೆ ಸಂಬಳ. ಕೆಲಸ ನಾವು ಎಲ್ಲಿಂದ ತರುವುದು? ಮೊದಲ ವರ್ಷ ನಾನು ನಿಜವಾಗಿಯೂ ತಿರುಗಿದ್ದೆ. ಆಸ್ಪತ್ರೆ, ಹಾಸ್ಟೆಲು, ಅಂಗಡಿ, ಬಿಸಿಲಲ್ಲಿ ಸ್ಕೂಟರಿನಲ್ಲಿ. ಎಲ್ಲರೂ ನೀರು ಕೊಟ್ಟರು, “ನೋಡುವ, ಹೇಳ್ತೇವೆ” ಎಂದರು. ಎರಡನೇ ವರ್ಷದಿಂದ ಪತ್ರ ಸಿಗುವ ಕಡೆ ಮಾತ್ರ ಹೋದೆ. ತಂಗಾಳಿಗೆ ನಾನು ಒಂದು ಸಲವೂ ಹೋಗಿಲ್ಲ. ಪತ್ರಗಳು ನಮ್ಮ ಆಫೀಸಿಗೇ ಬಂದವು.

ನಾನೂ ಇದೇ ಕೇಂದ್ರದಲ್ಲಿ ಕಂಪ್ಯೂಟರ್ ಕಲಿತವಳು. ಕೋರ್ಸು ಮುಗಿದಾಗ ನನಗೂ ಕೆಲಸ ಸಿಗಲಿಲ್ಲ, ಕೊನೆಗೆ ಇಲ್ಲಿಯೇ ಇಟ್ಟುಕೊಂಡರು. ಅವರ ಲೆಕ್ಕದಲ್ಲಿ ನಾನೂ ಒಂದು ತಲೆ. ಅದು ನೆನಪಾದರೆ ನಗು ಬರುತ್ತದೆ, ಒಮ್ಮೊಮ್ಮೆ ಬರುವುದಿಲ್ಲ.

ಹೆಸರು ತೆಗೆಯಲು ನೋಡಿದೆ. ಕಂಪ್ಯೂಟರಿನಲ್ಲಿ ಕಾರಣ ಕೇಳುತ್ತದೆ, ಮೂರೇ ಕಾರಣ ಉಂಟು: ರಾಜೀನಾಮೆ, ವಜಾ, ಮರಣ. ‘ಸೇರಲೇ ಇಲ್ಲ’ ಎಂಬುದು ಇಲ್ಲ. ನೀವು ತಂಗಾಳಿಗೆ ರಾಜೀನಾಮೆ ಕೊಟ್ಟಂತೆ ಒಂದು ಪತ್ರ ಬರೆದುಕೊಡಿ, ನಾನು ಅದನ್ನು ಏರಿಸುತ್ತೇನೆ.

ತಪ್ಪು ತಿಳಿಯಬೇಡಿ.
ರೇಚಲ್

*

ಉರ್ವ
25 ಜುಲೈ 2024

ರೇಚಲ್ ಮೇಡಂ,

ಮೂರರಲ್ಲಿ ಮರಣ ಒಂದನ್ನು ಬಿಟ್ಟು ಏನಾದರೂ ಹಾಕಿ ಎಂದು ಕುಶಲಾ ಹೇಳುತ್ತಿದ್ದಾಳೆ.

ರಾಜೀನಾಮೆ ಪತ್ರ ಇದರ ಜೊತೆಗೆ ಇಟ್ಟಿದ್ದೇನೆ. ‘ನನ್ನ ವೈಯಕ್ತಿಕ ಕಾರಣಗಳಿಂದ’ ಎಂದು ಬರೆದಿದ್ದೆ. ವಾಲ್ಟರ್ ಮಾಸ್ಟ್ರು ಅದನ್ನು ಕೆಂಪಿನಲ್ಲಿ ಹೊಡೆದು ಹಾಕಿ, “ಎಂತ ವೈಯಕ್ತಿಕ? ಸುಳ್ಳು ಬರೆಯುವುದಾದ್ರೆ ಚಿಕ್ಕದಾಗಿ ಬರಿ,” ಎಂದರು. ಹಾಗೆ ಅದು ಎರಡೇ ಸಾಲು ಆಗಿದೆ. ಪ್ರೆಸ್ಸು ಮುಚ್ಚಿದಾಗಲೂ ನಾನು ರಾಜೀನಾಮೆ ಕೊಟ್ಟವನಲ್ಲ. ಜೀವಮಾನದಲ್ಲಿ ಕೊಟ್ಟ ಒಂದೇ ರಾಜೀನಾಮೆ ನಾನು ಮಾಡದ ಕೆಲಸಕ್ಕೆ.

ಬೇಗ ಏರಿಸಿ.
ಮೋಹನದಾಸ್

*

ಉರ್ವ
16 ಆಗಸ್ಟ್ 2024

ರೇಚಲ್ ಮೇಡಂ,

ಆಸ್ಪತ್ರೆಗೆ ಪುನಃ ಹೋದೆ. ರಾಜೀನಾಮೆ ಕಂಪ್ಯೂಟರಿನಲ್ಲಿ ಬಂದಿದೆ. ಆದರೆ ಕೊಡಿಸಿದ ಕೆಲಸವನ್ನು ತಾನಾಗಿ ಬಿಟ್ಟವನು ಒಂದು ವರ್ಷ ಬೇರೆ ಯಾವುದಕ್ಕೂ ಅರ್ಜಿ ಹಾಕುವಂತಿಲ್ಲವಂತೆ. ಇದು ನಿಮಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬರೆಯಿಸಿದಿರೋ ನಾನು ಕೇಳುವುದಿಲ್ಲ.

ಅಲ್ಲಿಯ ಅಧಿಕಾರಿ ಒಳ್ಳೆಯ ಮನುಷ್ಯ. ನನ್ನ ಕಿವಿಯ ಹತ್ತಿರ ಬಂದು ನಿಧಾನವಾಗಿ ಹೇಳಿದರು. “ನೀವು ಆ ಕೆಲಸಕ್ಕೆ ಸೇರಲೇ ಇಲ್ಲ, ಆ ಎಂಟ್ರಿ ತಪ್ಪು ಅಂತ ತರಬೇತಿ ಕೇಂದ್ರದವರು ರಾಜ್ಯದ ಕಚೇರಿಗೆ ಒಂದು ಲೆಟರ್ ಬರೀಬೇಕು. ಅದರ ಕಾಪಿ ತನ್ನಿ. ನಾನು ಅರ್ಜಿ ತಗೊಳ್ತೇನೆ.”

ಇಷ್ಟೇ. ಒಂದು ಕಾಗದ, ನಿಮ್ಮ ಒಂದು ಸಹಿ. ಹದಿನೈದು ದಿನ ಉಂಟು.

ಮೇಡಂ, ನಾನು ಯಾರ ಕಾಲೂ ಹಿಡಿದವನಲ್ಲ. ಪ್ರೆಸ್ಸು ಮುಚ್ಚಿದ ಮೇಲೆ ನಾಲ್ಕು ಕಡೆ ವಾಚ್‌ಮನ್ ಕೆಲಸ ಕೇಳಿದೆ, ಕಿವಿ ಕೇಳದವನು ಎಂತ ವಾಚ್ ಮಾಡುವುದು ಎಂದರು. ಸರಿಯೇ. ನಿಮ್ಮಲ್ಲಿ ಕೋರ್ಸಿಗೆ ಬಂದಾಗ ಎಸಿ ರಿಪೇರಿಯ ಸೀಟು ತುಂಬಿತ್ತು, ಇದೊಂದೇ ಖಾಲಿ ಇತ್ತು ಎಂದು ಇದಕ್ಕೆ ಸೇರಿದೆ. ಇಷ್ಟು ಪ್ರಾಯ ಆದ ಗಂಡಸು, ಮುದುಕರ ಮೈ ಒರೆಸಲು ಕಲಿಯುತ್ತಾನೆ ಎಂದು ನನ್ನ ಬಾವ ನಕ್ಕ. ಕಲಿತ ಮೇಲೆ ಗೊತ್ತಾಯಿತು, ನನಗೆ ಇದು ಬರುತ್ತದೆ. ಕೈಗೆ ಬರುತ್ತದೆ. ಐವತ್ತರ ಹೊತ್ತಿಗೆ ಒಂದು ಹೊಸ ಕೆಲಸ ಕೈಗೆ ಬಂತಲ್ಲ ಎಂದು ನನಗೆ ಎಷ್ಟು ಸಂತೋಷ ಆಗಿತ್ತೆಂದು ನಿಮಗೆ ಹೇಗೆ ಹೇಳಲಿ!

ಬರೆಯಿರಿ ಮೇಡಂ. ದಮ್ಮಯ್ಯ.

ಮೋಹನದಾಸ್

*

ಉರ್ವ
1 ಸೆಪ್ಟೆಂಬರ್ 2024

ರೇಚಲ್ ಮೇಡಂ,

ನಿನ್ನೆ ಐದು ಗಂಟೆಯವರೆಗೆ ಆಸ್ಪತ್ರೆಯ ಆ ಕೋಣೆಯ ಹೊರಗೆ ಕುಳಿತಿದ್ದೆ. ಕಾಗದ ನೇರ ಅಲ್ಲಿಗೇ ಕಳಿಸಿರಬಹುದು ಎಂದು ಕುಶಲಾ ಹೇಳಿದ್ದಳು. ಐದಕ್ಕೆ ಆ ಹುಡುಗಿ ಕಂಪ್ಯೂಟರ್ ಮುಚ್ಚಿ, ಕಿಟಕಿ ಹಾಕಿ, “ಅಂಕಲ್, ಮನೆಗೆ ಹೋಗಿ” ಎಂದಳು.

ಹೋದೆ. ಇನ್ನು ನಿಮಗೆ ಬರೆಯುವುದಿಲ್ಲ.

ಮೋಹನದಾಸ್

*

ಕೊಡಿಯಾಲ್‌ಬೈಲ್
24 ಸೆಪ್ಟೆಂಬರ್ 2024

ಮೋಹನದಾಸ್ ಅವರೇ,

ನೀವು ಬರೆಯದಿದ್ದರೂ ನಾನು ಬರೆಯಬೇಕು.

ನೀವು ಕೇಳಿದ ಕಾಗದವನ್ನು ನಾನು ಆಗಸ್ಟ್ 20ರಂದೇ ಬರೆದಿದ್ದೆ. ಸಹಿಯನ್ನೂ ಹಾಕಿದ್ದೆ. ಅದನ್ನು ಬ್ಯಾಗಿನಲ್ಲಿ ಬುತ್ತಿಯ ಕೆಳಗೆ ಇಟ್ಟುಕೊಂಡು ಹನ್ನೆರಡು ದಿನ ಅಂಚೆ ಕಚೇರಿಯ ಎದುರಿನಿಂದಲೇ ಆಫೀಸಿಗೆ ಹೋದೆ, ಬಂದೆ. ಒಂದು ದಿನ ಒಳಗೂ ಹೋದೆ. ಸರತಿಯಲ್ಲಿ ನಿಂತೆ. ನನ್ನ ಮುಂದೆ ಒಬ್ಬರೇ ಇದ್ದಾಗ ಹೊರಗೆ ಬಂದೆ. ಮಗನ ಶಾಲೆ, ಮನೆ ಬಾಡಿಗೆ, ಗಂಡ ಮಸ್ಕತ್ತಿನಿಂದ ಕಳಿಸುವುದು ಕಳಿಸಿದರೆ ಉಂಟು ಇಲ್ಲದಿದ್ದರೆ ಇಲ್ಲ. ಇವೆಲ್ಲ ನಿಜವೇ. ಆದರೆ ಇವೆಲ್ಲ ಸೇರಿ ಆದದ್ದು ಒಂದೇ: ನಾನು ಹೆದರಿದೆ. ನಿಮ್ಮ ವಯಸ್ಸು ಕಾಯುವುದಿಲ್ಲವೆಂದು ಗೊತ್ತಿದ್ದೂ ಹೆದರಿದೆ.

ನಿಮ್ಮ ಸೆಪ್ಟೆಂಬರ್ ಒಂದರ ಪತ್ರ ಬಂದ ದಿನ ಹೋಗಿ ಅಂಚೆಗೆ ಹಾಕಿದೆ. ನಿಮ್ಮೊಬ್ಬರ ಹೆಸರಲ್ಲ, ನಲವತ್ತೊಂದು ಹೆಸರನ್ನೂ ಬರೆದು ಹಾಕಿದೆ. ಯಾರಿಗೆ ಉಪಯೋಗವಾಯಿತೋ ದೇವರೇ ಬಲ್ಲ. ನಿಮಗಂತೂ ಆಗಲಿಲ್ಲ.

ಕೇಂದ್ರದ ಮುಖ್ಯಸ್ಥರು ಸೆಡ್ರಿಕ್ ಸರ್. ರಾಜ್ಯದ ಕಚೇರಿಯಿಂದ ವಿಷಯ ಗೊತ್ತಾದಾಗ ಅವರು ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. ಚಾ ತರಿಸಿದರು. “ರೇಚಲ್, ಎಂಟು ಜನರ ಹೊಟ್ಟೆ ಇದರಲ್ಲಿ ಉಂಟು ಅಂತ ನಿಂಗೆ ಗೊತ್ತುಂಟಲ್ಲ. ನನ್ನ ಹತ್ರ ಒಂದು ಮಾತು ಹೇಳ್ಬಹುದಿತ್ತು,” ಎಂದರು. ಅವರಿಗೆ ಹೇಳುವ ಧೈರ್ಯವೂ ನನಗೆ ಇರಲಿಲ್ಲ. ಈ ತಿಂಗಳ ಕೊನೆಯವರೆಗೆ ಬಾ, ಆಮೇಲೆ ಬೇಡ ಎಂದಿದ್ದಾರೆ. ಉಳಿದ ಏಳು ಜನ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ.

ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಈಗ ‘ನಿರುದ್ಯೋಗಿ’ ಎಂದು ಬರುತ್ತದೆ. ನಾನೇ ನೋಡಿದೆ. ಐದು ದಿನದ ಹಿಂದೆ ನಿಮ್ಮ ಹುಟ್ಟಿದ ದಿನ ಎಂಬುದೂ ಅಲ್ಲೇ ಇತ್ತು.

ಕ್ಷಮಿಸಿ ಎಂದು ಕೇಳುವುದಿಲ್ಲ, ಅದಕ್ಕೂ ಧೈರ್ಯ ಬೇಕು.

ರೇಚಲ್

*

ಉರ್ವ
27 ನವೆಂಬರ್ 2024

ರೇಚಲ್ ಮೇಡಂ,

ನಿಮ್ಮ ಪತ್ರ ಓದಿ ನಾಲ್ಕು ತುಂಡು ಮಾಡಿ ಬಿಸಾಡಿದೆ. ಸಿಟ್ಟು ಎಂದರೆ ಅಂಥ ಸಿಟ್ಟು, ಆ ದಿನ ಕುಶಲಾ ನನ್ನ ಹತ್ತಿರ ಬರಲಿಲ್ಲ. ಮರುದಿನ ಆ ತುಂಡುಗಳನ್ನು ಹೆಕ್ಕಿ, ಹಿಂದಿನಿಂದ ತೆಳು ಕಾಗದ ಕೊಟ್ಟು ಅಂಟಿಸಿದೆ. ಬೈಂಡರನಿಗೆ ಹರಿದ ಕಾಗದ ನೋಡಿಕೊಂಡು ಕೂರಲು ಆಗುವುದಿಲ್ಲ. ಅಂಟಿಸುವಾಗ ಪುನಃ ಓದಬೇಕಾಯಿತು. ಹನ್ನೆರಡು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ ಎಂದು ಬರೆಯದೆ, ಅಂಚೆಯಲ್ಲಿ ತಡವಾಯಿತು ಎಂದು ನೀವು ಬರೆಯಬಹುದಿತ್ತು. ನನಗೆ ಗೊತ್ತಾಗುತ್ತಿರಲಿಲ್ಲ.

ಈಗ ನನಗೆ ಕೆಲಸ ಉಂಟು. ಅಕ್ಟೋಬರ್ ಒಂದರಿಂದ ವಾಲ್ಟರ್ ಮಾಸ್ಟ್ರನ್ನು ನೋಡಿಕೊಳ್ಳುತ್ತಿದ್ದೇನೆ. ಅವರ ಮಗಳು ಕ್ರಿಸ್ಟಿನ್ ಕುವೈತಿನಲ್ಲಿ ನರ್ಸ್. ಏಜೆನ್ಸಿಯಿಂದ ಇಬ್ಬರನ್ನು ಇಟ್ಟು ನೋಡಿದಳು, ಮಾಸ್ಟ್ರು ಇಬ್ಬರನ್ನೂ ಓಡಿಸಿದರು. ಕೊನೆಗೆ ರಜೆಯಲ್ಲಿ ಬಂದಾಗ ನಮ್ಮ ಮನೆಗೇ ಬಂದು, “ದಾಸಣ್ಣ, ಹೇಗೂ ದಿನಾ ಬರ್ತೀರಲ್ಲ, ಬೆಳಿಗ್ಗೆಯಿಂದ ಸಂಜೆವರೆಗೆ ಇರ್ತೀರಾ? ಸಂಬಳ ನಾನು ಕಳಿಸ್ತೇನೆ” ಎಂದಳು. ಸರ್ಟಿಫಿಕೇಟ್ ತೋರಿಸಲು ಹೋದೆ. ನೋಡಲೂ ಇಲ್ಲ.

ಆದರೆ ಒಂದು ಮಾತು ಹೇಳಬೇಕು. ಮೊದಲ ವಾರ ಮಾಸ್ಟ್ರ ಬೆನ್ನಿನಲ್ಲಿ ಕೆಂಪಗೆ ಆಗಿತ್ತು. ಒತ್ತಿದರೆ ಬಿಳಿಯಾಗುತ್ತಿರಲಿಲ್ಲ. ಹಾಗಿದ್ದರೆ ಹುಣ್ಣು ಆಗುವ ಮೊದಲಿನದ್ದು ಎಂದು ನಿಮ್ಮ ಕೋರ್ಸಿನಲ್ಲಿ ಹೇಳಿಕೊಟ್ಟಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿದೆ, ಶೀಟಿನಲ್ಲಿ ಒಂದು ಸುಕ್ಕು ಇರದ ಹಾಗೆ ಎಳೆದು ಮಡಚಿದೆ. ಮೂರು ವಾರದಲ್ಲಿ ಹೋಯಿತು. ಆ ಇಬ್ಬರು ಏಜೆನ್ಸಿಯವರಿಗೆ ಅದು ಕಂಡೇ ಇರಲಿಲ್ಲ. ಮೂರನೇ ಪ್ರಶ್ನೆಗೆ ಉತ್ತರ ಆಯಿತಲ್ಲ, ಹೌದು ಎಂದು ಬರೆದುಕೊಳ್ಳಿ.

ಇನ್ನೊಂದು ತಮಾಷೆ ಕೇಳಿ. ನಿಮ್ಮ ಆ ಕಾಗದದ ಮೇಲೆ ರಾಜ್ಯದ ಕಚೇರಿಯಿಂದ ವಿಚಾರಣೆಗೆಂದು ಫೋನ್ ಬಂತು. ಕುಶಲಾ ಮಾತಾಡಿದಳು. ಕೆಲಸ ಉಂಟಾ? ಉಂಟು. ಸಂಬಳದ ಸ್ಲಿಪ್ ಉಂಟಾ? ಇಲ್ಲ. ಕಂಪನಿಯ ಹೆಸರು ಎಂತ? “ಕಂಪನಿ ಅಲ್ಲ, ನಮ್ಮ ವಾಲ್ಟರ್ ಮಾಸ್ಟ್ರು” ಎಂದಳು. ಹಾಗಾದರೆ ಅದು ಕೆಲಸವೆಂದು ಆಗುವುದಿಲ್ಲ, ನಿರುದ್ಯೋಗಿ ಎಂದೇ ಇರಲಿ ಎಂದರಂತೆ. ಮಾಡದ ಕೆಲಸಕ್ಕೆ ಐದು ತಿಂಗಳು ನಾನು ಉದ್ಯೋಗಿ, ಈಗ ಮುಂಜಾನೆಯಿಂದ ಬೆನ್ನು ಬಗ್ಗಿಸಿ ದುಡಿಯುವಾಗ ನಿರುದ್ಯೋಗಿ. ಮಾಸ್ಟ್ರಿಗೆ ಹೇಳಿದೆ, ಹಲ್ಲಿಲ್ಲದ ಬಾಯಿಯಲ್ಲಿ ನಕ್ಕು ನಕ್ಕು ಕೆಮ್ಮು ಬಂತು.

ನಿಮ್ಮದು ಏನಾಯಿತು?

ಮೋಹನದಾಸ್

*

ಕೊಡಿಯಾಲ್‌ಬೈಲ್
12 ಜನವರಿ 2025

ಮೋಹನದಾಸ್ ಅವರೇ,

ಕ್ರಿಸ್ಮಸ್ ಕಳೆಯಿತು. ನಿಮ್ಮ ಪತ್ರಕ್ಕೆ ಒಳ್ಳೆಯದೇನಾದರೂ ಇದ್ದರೆ ಬರೆಯೋಣವೆಂದು ಕಾದೆ. ಅಂಥದ್ದೇನೂ ಬರಲಿಲ್ಲ.

ಮೂರೂವರೆ ತಿಂಗಳಿನಿಂದ ಮನೆಯಲ್ಲಿದ್ದೇನೆ. ಬೇರೆ ತರಬೇತಿ ಕೇಂದ್ರಗಳು ನನ್ನನ್ನು ತೆಗೆದುಕೊಳ್ಳುವುದಿಲ್ಲ. ಹೆಸರು ಕೇಳಿದ ಕೂಡಲೇ “ಓ, ಲೆಟರ್ ಬರೆದವರಾ?” ಎನ್ನುತ್ತಾರೆ. ಆಫೀಸ್ ಕೆಲಸಕ್ಕೆ ಮೂವತ್ತೊಂಬತ್ತು ಹೆಚ್ಚು ವಯಸ್ಸಂತೆ. ಹೋದ ವಾರ ಒಂದು ಕಡೆ ಕೌನ್ಸೆಲಿಂಗಿಗೆ ಹೋಗಿದ್ದೆ. ನಾನು ವರ್ಷಗಟ್ಟಲೆ ಕುಳಿತ ಅದೇ ಥರದ ಮೇಜು, ಈಗ ಈಚೆ ಕಡೆ ಕುಳಿತಿದ್ದೆ. ಆ ಹುಡುಗಿ ಚೆಂದ ನಗಾಡಿ, “ನಿಮಗೆ ಯಾವುದರಲ್ಲಿ ಆಸಕ್ತಿ ಉಂಟು ಮೇಡಂ?” ಎಂದು ಕೇಳಿದಳು. ನಾನು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ. ಜನರಿಗೆ ಕೆಲಸ ಇದೆ ಎಂದು ಬರೆಯುವುದೊಂದೇ ನನಗೆ ಬರುವುದು.

ಟೈಲರಿಂಗ್, ಬ್ಯೂಟಿಷಿಯನ್, ರೋಗಿ ಪರಿಚಾರಕ, ಈ ಮೂರರಲ್ಲಿ ಸೀಟು ಉಂಟಂತೆ. ನೀವು ನಾಲ್ಕನೇ ಪ್ರಶ್ನೆಗೆ ಇನ್ನೂ ಉತ್ತರ ಬರೆದಿಲ್ಲ. ಈಗ ಕೇಂದ್ರದ ಪರವಾಗಿ ಅಲ್ಲ, ನನಗಾಗಿ ಕೇಳುತ್ತಿದ್ದೇನೆ. ಶಿಫಾರಸು ಮಾಡುತ್ತೀರಾ?

ಮಾಸ್ಟ್ರಿಗೆ ನನ್ನ ನಮಸ್ಕಾರ ಹೇಳಿ. ಈ ಪತ್ರದಲ್ಲಿ ಎಷ್ಟು ತಪ್ಪು ಹುಡುಕಿದರೆಂದು ತಿಳಿಸಿ.

ರೇಚಲ್

*

ಉರ್ವ
2 ಫೆಬ್ರವರಿ 2025

ರೇಚಲ್ ಮೇಡಂ,

ಈ ಪತ್ರದಲ್ಲಿ ತಪ್ಪಿದ್ದರೆ ಅದು ನನ್ನದೇ. ತಿದ್ದುವವರು ಇಲ್ಲ. ವಾಲ್ಟರ್ ಮಾಸ್ಟ್ರು ಜನವರಿ 17ರಂದು ಹೋದರು.

ನಿಮ್ಮ ಪತ್ರ ಹಿಂದಿನ ದಿನ ಬಂದಿತ್ತು. ಓದಿ ಹೇಳಿದೆ. ‘ವರ್ಷಗಟ್ಟಲೆ’ ಬಂದಾಗ ಪುನಃ ಓದು ಎಂದರು, ತಪ್ಪಿರಬೇಕು ಎಂದುಕೊಂಡೆ. ಕೇಳಿಸಿಕೊಂಡು, “ಈ ಹುಡುಗಿಗೆ ಬರೆಯಲಿಕ್ಕೆ ಬರ್ತದೆ” ಎಂದರು. ಅದು ಅವರು ಯಾರಿಗೂ ಸುಲಭದಲ್ಲಿ ಹೇಳುವ ಮಾತಲ್ಲ. ಮರುದಿನ ಗಂಜಿ ಕುಡಿಸುವ ಮೊದಲು ನನ್ನ ಕೈ ಹಿಡಿದಿದ್ದರು, ಹಾಗೆಯೇ ಹೋದರು. ಕ್ರಿಸ್ಟಿನ್ ಬರುವವರೆಗೆ ಕಾಯಬೇಕಿತ್ತು. ಕೋರ್ಸಿನಲ್ಲಿ ಕೊನೆಯ ದಿನ ಹೇಳಿಕೊಟ್ಟಿದ್ದರಲ್ಲ, ಹಾಗೆ ಮೈ ಒರೆಸಿ, ಉಗುರು ತೆಗೆದು, ಕೂದಲು ಬಾಚಿ, ಹೊಸ ಶೀಟು ಹಾಸಿ ನಾಲ್ಕೂ ಮೂಲೆ ಮಡಚಿದೆ. ಆ ಪಾಠದ ದಿನ ನಾವೆಲ್ಲ ನಗಾಡಿದ್ದೆವು. ಮಾಸ್ಟ್ರ ಕೆಂಪು ಪೆನ್ಸಿಲನ್ನು ಕ್ರಿಸ್ಟಿನ್ ನನಗೇ ಕೊಟ್ಟಳು. ನನಗೆ ತುಂಬ ದುಃಖವಾಗಿದೆ ಮೇಡಂ. ಕೆಲಸ ಹೋಯಿತೆಂದು ಅಲ್ಲ ಎಂದು ಬರೆಯಲು ಹೊರಟೆ, ಅದೂ ಉಂಟು. ಈ ಕೆಲಸದಲ್ಲಿ ಚೆನ್ನಾಗಿ ಮಾಡಿದರೂ ಕೊನೆಗೆ ಕೆಲಸವೇ ಇರುವುದಿಲ್ಲ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗಳು. ಒಂದು: ಇಲ್ಲ. ಎರಡು: ಕೊನೆಯ ದಿನದವರೆಗೆ ಬಂತು. ಮೂರು: ಹೌದು. ನಾಲ್ಕು: ಬಹಳ ಯೋಚಿಸಿದೆ. ಕಲಿತದ್ದು ಉಪಯೋಗಕ್ಕೆ ಬಂತು, ಕೆಲಸ ಅದರಿಂದ ಸಿಗಲಿಲ್ಲ. ಪಕ್ಕದ ಮನೆಯಿಂದ ಸಿಕ್ಕಿತು. ಇದಕ್ಕೆ ಹೌದು ಎಂದು ಗುರುತು ಹಾಕುವುದೋ ಇಲ್ಲ ಎಂದೋ ನಿಮಗೇ ಬಿಟ್ಟದ್ದು.

ಆದರೆ ಬೇರೆ ಒಂದು ವಿಷಯ ಉಂಟು. ಕ್ರಿಸ್ಟಿನಳ ಸೋದರತ್ತೆ ಲಿಡಿಯಾಬಾಯಿ ನಿಮ್ಮ ಕೊಡಿಯಾಲ್‌ಬೈಲಿನಲ್ಲೇ ಇದ್ದಾರೆ. ಪಾರ್ಶ್ವವಾಯು ಆಗಿ ಒಂದು ಬದಿ ಹೋಗಿದೆ. ನೋಡಿಕೊಳ್ಳಲು ಹೆಂಗಸೇ ಬೇಕು, ಓದು ಬರಹ ಬರುವವರು, ಅಡುಗೆಯ ಕೆಲಸ ಇಲ್ಲ. ಕ್ರಿಸ್ಟಿನ್ ಕೇಳಿದಾಗ ನಾನು ನಿಮ್ಮ ಹೆಸರು ಹೇಳಿದೆ. ನೀವು ಮಾಡಿದ್ದನ್ನೂ ಹೇಳಿದೆ, ತಡ ಮಾಡಿದ್ದನ್ನೂ ಹೇಳಿದೆ. ಅವಳು “ಪರ್ವಾಗಿಲ್ಲ, ಕಳಿಸಿ” ಎಂದಳು.

ಕೆಲಸ ಗೊತ್ತಿಲ್ಲ ಎಂದು ಹೆದರಬೇಡಿ. ಈ ಕಾಗದ ಸಿಕ್ಕಿದ ಮರುದಿನದಿಂದ ಹತ್ತು ದಿನ ನಮ್ಮ ಮನೆಗೆ ಬನ್ನಿ, ನಾನು ಕಲಿಸುತ್ತೇನೆ. ಕುಶಲಾ ರೋಗಿಯಾಗಿ ಮಲಗಲು ಒಪ್ಪಿದ್ದಾಳೆ. “ಮಲಗುವುದಕ್ಕೂ ಒಂದು ಕೋರ್ಸು ಉಂಟಾ ಕೇಳಿ, ನಾನು ಸೇರ್ತೇನೆ,” ಎನ್ನುತ್ತಾಳೆ. ಎತ್ತುವುದು, ಮಗ್ಗುಲು ಹಾಕುವುದು, ಮೂಲೆ ಮಡಚುವುದು ಮೂರು ಬಂದರೆ ಉಳಿದದ್ದು ಅಲ್ಲೇ ಬರುತ್ತದೆ.

ಇದನ್ನು ನಿಮಗೆ ಬರೆಯುವ ಮೊದಲು, ನಿನ್ನೆ ಬಸ್ಸು ಹಿಡಿದು ಆ ಮನೆಗೆ ಹೋದೆ. ಎರಡನೇ ಮಾಳಿಗೆ, ಲಿಫ್ಟ್ ಇದೆ. ಬೆಲ್ ಒತ್ತಿ ಒಳಗೆ ಹೋಗಿ ಲಿಡಿಯಾಬಾಯಿಯ ಹತ್ತಿರ ಕುಳಿತು ಬಂದೆ. ಪತ್ರ ಗಿತ್ರ ಏನೂ ಇಲ್ಲ. ಮನೆ ಉಂಟು, ಲಿಡಿಯಾಬಾಯಿ ಉಂಟು, ಕೆಲಸ ಉಂಟು. ನಾನೇ ನೋಡಿ ಬಂದಿದ್ದೇನೆ.

ಮೋಹನದಾಸ್